ನೋಡಿದ್ದನ್ನು ಬರೆದೆವು, ಕೊಂಡದ್ದನ್ನು ಮರೆತೆವು

ಪ್ರವಾಸ ಸಾಹಿತ್ಯಕ್ಕೆ ಕನ್ನಡದಲ್ಲಿ ಬಡತನವಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’, ಗೊರೂರರ ‘ಅಮೆರಿಕದಲ್ಲಿ ಗೊರೂರು’, ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ – ಹೀಗೆ ಈ ಪ್ರಕಾರ ಸಮೃದ್ಧವಾಗಿಯೇ ಬೆಳೆದು ಬಂದಿದೆ. ಗೊರೂರರ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಇಂಥ ಮೇಲ್ಪಂಕ್ತಿ ಕಣ್ಣ ಮುಂದಿರುವಾಗ, ಹೊರನಾಡ ಸಂಘಗಳ ಪತ್ರಿಕೆಗಳಿಗೆ, ವಿಶೇಷಾಂಕಗಳಿಗೆ ವರ್ಷವರ್ಷವೂ ಬರುವ ಪ್ರವಾಸ ಲೇಖನಗಳನ್ನು ಓದಿದಾಗ ನಿರಾಸೆಯಾಗುತ್ತದೆ. ಬರೆಯುವವರಿಗೆ ಭಾಷೆಯಿದೆ, ಉತ್ಸಾಹವಿದೆ, ಕಣ್ಣೂ ಇದೆ. ಆದರೂ ಲೇಖನ ಮುಗಿದ ಮೇಲೆ ಓದುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸುವುದು ಈ ಬರಹದ ಉದ್ದೇಶ.

ಎಲ್ಲ ಬಗೆಯ ಲೇಖನಗಳನ್ನೂ ಇಲ್ಲಿ ಪರಿಶೀಲಿಸಲಾಗದು. ಒಂದು ಬಗೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ: ಒಬ್ಬರೇ ಮಹಾನಗರವೊಂದಕ್ಕೆ ಹೋಗಿ, ನಾಲ್ಕಾರು ದಿನ ಸುತ್ತಾಡಿ, ಒಂದಿಷ್ಟು ಸಾಮಾನು ಕೊಂಡು ಮರಳಿದವರ ಬರಹ. ನಗರ ಯಾವುದಾದರೂ ಇರಬಹುದು. ನಮಗೆ ಹತ್ತಿರದ್ದೆಂದು ಮುಂಬಯಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ಲೇಖನಗಳಿಗೆ ಒಂದು ಅಚ್ಚು ಇದೆ. ಮೊದಲ ದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಗೇಟ್‌ವೇ ಆಫ್ ಇಂಡಿಯಾ. ಎರಡನೆಯ ದಿನ ದೋಣಿಯಲ್ಲಿ ಎಲಿಫೆಂಟಾ. ಮೂರನೆಯ ದಿನ ವಸ್ತುಸಂಗ್ರಹಾಲಯ, ಸಿದ್ಧಿವಿನಾಯಕ, ಹಾಜಿ ಅಲಿ, ಸಂಜೆಗೆ ಮೆರೀನ್ ಡ್ರೈವಿನ ಸೂರ್ಯಾಸ್ತ. ನಾಲ್ಕನೆಯ ದಿನ ‘ಸ್ವಲ್ಪ ಖರೀದಿ ಮಾಡಿಕೊಂಡು’ ರೈಲು ಹತ್ತುವುದು. ಮುಕ್ತಾಯಕ್ಕೆ ‘ನಿದ್ದೆಯರಿಯದ ನಗರ’ ಎಂಬ ಉದ್ಗಾರ. ಹೆಸರುಗಳನ್ನು ಬದಲಿಸಿದರೆ ಇದೇ ಲೇಖನ ಕಲಕತ್ತೆಗೂ ಆದೀತು, ಸಿಂಗಪುರಕ್ಕೂ ಆದೀತು. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ ಎಂಬ ಒಂದು ಉಪಯುಕ್ತ ಮಾತನ್ನು ಬರೆಯುವವರೂ ವಿರಳ.

ಗೇಟ್‌ವೇಯ ವಿವರಣೆಯನ್ನೇ ನೋಡಿ. ಐದನೆಯ ಜಾರ್ಜ್ ದೊರೆ ಮತ್ತು ರಾಣಿ ಮೇರಿ 1911ರ ಡಿಸೆಂಬರ್ 2ರಂದು ಬಂದಿಳಿದ ನೆನಪಿಗೆ ಕಟ್ಟಿದ್ದು, ವಾಸ್ತುಶಿಲ್ಪಿ ಜಾರ್ಜ್ ವಿಟೆಟ್, ಉದ್ಘಾಟನೆ 1924ರಲ್ಲಿ, 1948ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹೊರಟುಹೋದದ್ದು ಇದೇ ದ್ವಾರದಿಂದ. ಇಷ್ಟೂ ತಪ್ಪಿಲ್ಲದೆ ಬರುತ್ತದೆ, ಏಕೆಂದರೆ ಮಾರ್ಗದರ್ಶಿ ಪುಸ್ತಕದಲ್ಲಿ ಇರುವುದೇ ಅದು. ಆದರೆ ದೊರೆ ಬಂದುಹೋಗಿ 13 ವರ್ಷಗಳಾದ ಮೇಲೆ ಅವನ ಆಗಮನದ ದ್ವಾರ ಸಿದ್ಧವಾಯಿತೆಂಬ ವಿನೋದ ಆ ಎರಡು ಇಸವಿಗಳ ನಡುವೆಯೇ ಕುಳಿತಿದೆ. ಎರಡನ್ನೂ ಬರೆದವರಿಗೆ ಅದು ಕಾಣಿಸುವುದಿಲ್ಲ. ನೋಡುವುದೆಂದರೆ ನಕಲು ಮಾಡಿಕೊಳ್ಳುವುದು ಎಂದಾಗಿಬಿಟ್ಟರೆ ಹೀಗೆಯೇ.

ಇನ್ನು ಆ ‘ಸ್ವಲ್ಪ ಖರೀದಿ’. ನಾಲ್ಕು ದಿನಗಳಲ್ಲಿ ಒಂದಿಡೀ ದಿನ ಅದಕ್ಕೆ ಸಂದಿರುತ್ತದೆ. ಲೇಖನದಲ್ಲಿ ಮಾತ್ರ ಅದಕ್ಕೆ ದಕ್ಕುವುದು ಒಂದು ವಾಕ್ಯ. ಏನು ಕೊಂಡರು, ಯಾರಿಗಾಗಿ, ಎಷ್ಟಕ್ಕೆ, ಯಾವ ಗಲ್ಲಿಯಲ್ಲಿ, ಕೊಟ್ಟವನು ಯಾರು – ಒಂದೂ ಇಲ್ಲ. ದೇವಾಲಯ, ಶಿಲ್ಪ, ಸೂರ್ಯಾಸ್ತ ಇವು ಸಾಹಿತ್ಯದ ವಸ್ತು. ಸೀರೆ, ಸ್ಟೀಲ್ ಡಬ್ಬಿ, ಚಪ್ಪಲಿ ಇವು ಮನೆವಾರ್ತೆಯ ಮಾತು ಎಂಬ ಹಳೆಯ ಮಡಿ ನಮ್ಮ ಬರಹಗಾರರನ್ನು ಇನ್ನೂ ಬಿಟ್ಟಿಲ್ಲ.

ಈ ಮಡಿ ಎಷ್ಟು ನಷ್ಟದ್ದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. ವಿಜಯನಗರದ ವೈಭವವನ್ನು ನೆನೆದು ನಾವು ಹೆಮ್ಮೆಪಡುತ್ತೇವಲ್ಲ, ಆ ನಗರದ ದಿನನಿತ್ಯದ ಚಿತ್ರ ನಮಗೆ ಬಹುಮಟ್ಟಿಗೆ ದೊರೆತದ್ದು ಯಾರಿಂದ? ಅಲ್ಲಿಗೆ ಬಂದುಹೋದ ಪರದೇಶಿಗಳಿಂದ. 1443ರಲ್ಲಿ ಬಂದ ರಾಯಭಾರಿ ಅಬ್ದುರ್ ರಜಾಕ್, ಅರಮನೆಯ ಬಳಿಯ ಬಜಾರುಗಳಲ್ಲಿ ಒಂದೊಂದು ಕಸುಬಿನವರ ಅಂಗಡಿಗಳು ಹೇಗೆ ಒಟ್ಟೊಟ್ಟಿಗೆ ಇದ್ದವೆಂಬುದನ್ನೂ, ರತ್ನಪಡಿ ವ್ಯಾಪಾರಿಗಳು ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಇಟ್ಟು ಮಾರುತ್ತಿದ್ದುದನ್ನೂ ಬರೆದಿಟ್ಟ. ಗುಲಾಬಿಯಿಲ್ಲದೆ ಈ ಊರಿನ ಜನಕ್ಕೆ ಬದುಕೇ ಇಲ್ಲವೆಂಬಂತೆ ಎಲ್ಲೆಲ್ಲೂ ಗುಲಾಬಿ ಮಾರಾಟವಾಗುತ್ತಿದ್ದುದೂ ಅವನ ಕಣ್ಣಿಗೆ ಬಿತ್ತು. ಸುಮಾರು 1520ರ ಹೊತ್ತಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಸಂಜೆಯ ಸಂತೆಯಲ್ಲಿ ಸಾಮಾನ್ಯ ಕುದುರೆಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆ ಮಾರುತ್ತಿದ್ದರೆಂದು ಬರೆದ. ಅವರ ಬರಹದಲ್ಲಿ ಉತ್ಪ್ರೇಕ್ಷೆಯಿಲ್ಲವೆಂದಲ್ಲ. ಆದರೆ 1565ರ ಸೋಲಿನ ನಂತರ ನಗರ ಹಾಳಾದ ಮೇಲೆಯೂ ಕಲ್ಲಿನ ಗುಡಿಗಳು ಉಳಿದುಕೊಂಡವು; ನಿಂಬೆಹಣ್ಣು ಮಾರುವವರು ಉಳಿಯಲಿಲ್ಲ. ಅವರು ಉಳಿದಿರುವುದು ಆ ಕಾಗದದಲ್ಲಿ ಮಾತ್ರ. ಪರದೇಶಿಯೊಬ್ಬ ಸಂತೆಯನ್ನು ಕೀಳೆಂದು ಬಿಟ್ಟಿದ್ದರೆ ನಮ್ಮ ರಾಜಧಾನಿಯ ಸಂಜೆಯೊಂದು ನಮಗೆ ಇಲ್ಲವಾಗುತ್ತಿತ್ತು.

ಹಾಗೆ ನೋಡಿದರೆ ‘ನೋಡುವುದು’ ಮತ್ತು ‘ಕೊಳ್ಳುವುದು’ ಎಂಬ ವಿಂಗಡಣೆಯೇ ಸರಿಯಲ್ಲ. ಕ್ರಾಫರ್ಡ್ ಮಾರ್ಕೆಟನ್ನು ತೆಗೆದುಕೊಳ್ಳಿ. ಈಗ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ ಎಂದು ಹೆಸರಾದ ಈ ಕಟ್ಟಡ 1869ರದು. ವಿನ್ಯಾಸ ವಿಲಿಯಂ ಎಮರ್ಸನ್‌ನದು. ಪ್ರವೇಶದ್ವಾರದ ಮೇಲೆ ಗೋಧಿ ಹೊಲದ ರೈತರನ್ನು ತೋರಿಸುವ ಉಬ್ಬುಶಿಲ್ಪವಿದೆ. ಅದನ್ನು ರೂಪಿಸಿದವನು ಲಾಕ್‌ವುಡ್ ಕಿಪ್ಲಿಂಗ್, ಲೇಖಕ ರಡ್ಯಾರ್ಡ್ ಕಿಪ್ಲಿಂಗನ ತಂದೆ. ಒಳಗೆ ಹಣ್ಣಿನ ಬುಟ್ಟಿ, ಒಣಹಣ್ಣು, ಮಸಾಲೆ. ಬಾಗಿಲ ಮೇಲೆ ಅದನ್ನೆಲ್ಲ ಬೆಳೆದುಕೊಡುವವನ ಚಿತ್ರ. ಶಿಲ್ಪ ನೋಡಲು ಬಂದವರು ಇದನ್ನು ಮಾರುಕಟ್ಟೆಯೆಂದು ಬಿಡುತ್ತಾರೆ. ಸಾಮಾನಿಗೆ ಬಂದವರು ಕತ್ತೆತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ಕಾಣಬಲ್ಲವನು ಅವಸರವಿಲ್ಲದ ಒಂಟಿ ಪ್ರವಾಸಿ. ಅವನೂ ಬರೆಯದಿದ್ದರೆ ಇನ್ನಾರು ಬರೆಯಬೇಕು?

ಒಂಟಿತನದ ಮಾತು ಬಂತು. ನಮ್ಮ ಲೇಖನಗಳಲ್ಲಿ ‘ನಾನು ಒಬ್ಬನೇ ಹೋಗಿದ್ದೆ’ ಎಂಬುದು ಮೊದಲ ಪ್ಯಾರಾದ ಸಾಹಸವಾಗಿ ಬಂದು ಅಲ್ಲಿಗೇ ಮುಗಿಯುತ್ತದೆ. ಆದರೆ ಒಂಟಿತನ ಪ್ರವಾಸಿಗೆ ಒಂದು ಸಾಧನ. ಸಂಸಾರ ಸಮೇತ ಹೋದವರು ತಮ್ಮತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಒಬ್ಬನೇ ಹೋದವನಿಗೆ ದಾರಿ ಕೇಳಲು, ಬೆಲೆ ಕೇಳಲು, ಕಡೆಗೆ ಊಟದ ಮೇಜಿನಲ್ಲಿ ಎದುರಿಗೆ ಕುಳಿತವನ ಮುಖ ನೋಡಿ ನಗಲು ಪರರೇ ಬೇಕು. ಗೇಟ್‌ವೇ ಪ್ರವಾಸಿಯನ್ನು ಏನೂ ಕೇಳುವುದಿಲ್ಲ. ಅಂಗಡಿಯವನು ಕೇಳುತ್ತಾನೆ: ಯಾವ ಊರು, ಎಷ್ಟು ದಿನ, ಯಾರಿಗೆ ಬೇಕು, ಎಷ್ಟು ಕೊಡುತ್ತೀರಿ? ಮಹಾನಗರ ಅಪರಿಚಿತನೊಡನೆ ಬಾಯಿಬಿಟ್ಟು ಮಾತಾಡುವ ಸ್ಥಳ ಮಾರುಕಟ್ಟೆಯೊಂದೇ.

ಹೆಣ್ಣುಮಕ್ಕಳು ಒಂಟಿಯಾಗಿ ಬಂದರಂತೂ ಗಂಡಸರು ಬರೆಯಲಾಗದ ಬಜಾರೊಂದು ಅವರಿಗೆ ತೆರೆದಿದೆ. ಅದು ಲೋಕಲ್ ರೈಲಿನ ಮಹಿಳಾ ಡಬ್ಬಿ. ಕಿವಿಯೋಲೆ, ಕೂದಲ ಕ್ಲಿಪ್ಪು, ಬಿಂದಿ, ಸೇಫ್ಟಿ ಪಿನ್ನುಗಳನ್ನು ತೂಗುಹಾಕಿಕೊಂಡ ಮಾರಾಟಗಾರ್ತಿಯರು ನಿಲ್ದಾಣದಿಂದ ನಿಲ್ದಾಣಕ್ಕೆ ಹತ್ತಿ ಇಳಿಯುತ್ತಾರೆ. ಕಚೇರಿ ಮುಗಿಸಿದ ಹೆಂಗಸರು ಸೀಟಿನಲ್ಲೇ ಸೊಪ್ಪು ಬಿಡಿಸುತ್ತ, ಪಕ್ಕದವಳ ಕಿವಿಗೆ ಯಾವ ಓಲೆ ಒಪ್ಪುತ್ತದೆಂದು ಅಭಿಪ್ರಾಯ ಕೊಡುತ್ತಾರೆ. ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಮಹಿಳೆಯರಿಗೆಂದೇ ಪೂರ್ತಿ ಒಂದು ರೈಲು ಆರಂಭವಾದದ್ದು 1992ರ ಮೇ 5ರಂದು. ಈ ಸಂಚಾರಿ ಸಂತೆಯನ್ನು ಕನ್ನಡದ ಪ್ರವಾಸ ಕಥನ ಸರಿಯಾಗಿ ದಾಖಲಿಸಬೇಕಾದರೆ ಒಬ್ಬ ಲೇಖಕಿಯೇ ಬೇಕು. ಆದರೆ ನಮ್ಮ ಲೇಖಕಿಯರೂ ರೈಲಿನ ನೂಕುನುಗ್ಗಲನ್ನು ಬಣ್ಣಿಸಿ ಗೇಟ್‌ವೇಗೆ ಧಾವಿಸುತ್ತಾರೆ.

ಮಾರುಕಟ್ಟೆ ನಾಲ್ಕು ಸಾಲಿಗಿಂತ ಹೆಚ್ಚು ಬಂದಾಗಲಾದರೂ ಸಮಾಧಾನವಿದೆಯೇ ಎಂದರೆ, ಅಲ್ಲಿ ಇನ್ನೊಂದು ದೋಷ. ಚೌಕಾಸಿ ಒಂದು ಯುದ್ಧವಾಗಿಬಿಡುತ್ತದೆ. ಕುಲಾಬಾ ಕಾಸ್‌ವೇಯ ಫುಟ್‌ಪಾತಿನವನು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿದ್ದು ವಿಜಯ, ಮುಂದಿನ ಅಂಗಡಿಯಲ್ಲಿ ಅದೇ ಚೀಲ ಇನ್ನೂ ಅಗ್ಗಕ್ಕೆ ಸಿಕ್ಕಿದ್ದು ಸೋಲು. ಮಾರುವವನು ಸದಾ ಠಕ್ಕ, ಕೊಳ್ಳುವವನು ಸದಾ ಜಾಣ. ಚೋರ್ ಬಜಾರಿನ ಮಾತು ಬಂದರೆ ‘ಶೋರ್’ ಎಂಬುದು ‘ಚೋರ್’ ಆಯಿತೆಂಬ ಕಥೆಯನ್ನು ಹೇಳಿ ನಕ್ಕು ಮುಂದೆ ಹೋಗುತ್ತಾರೆ. ಅಲ್ಲಿ ಹಳೆಯ ಗ್ರಾಮಫೋನು, ಗಡಿಯಾರ, ಕನ್ನಡಿಗಳನ್ನು ಇಟ್ಟುಕೊಂಡು ಕುಳಿತವನನ್ನು ಇವು ಎಲ್ಲಿಂದ ಬಂದವೆಂದು ಒಬ್ಬರೂ ಕೇಳುವುದಿಲ್ಲ. ಪಕ್ಕದ ಭೇಂಡಿ ಬಜಾರಿನ ಹಳೆಯ ಮನೆಗಳು ಉರುಳಿ ಎತ್ತರದ ಕಟ್ಟಡಗಳು ಏಳುತ್ತಿರುವ ಈ ಕಾಲದಲ್ಲಿ, ಆ ಪ್ರಶ್ನೆಗೆ ಬರುವ ಉತ್ತರ ಊರಿನ ಚರಿತ್ರೆಯೇ ಆದೀತು.

ಇದು ಶೈಲಿಯ ದೋಷವಷ್ಟೇ ಅಲ್ಲ, ದೃಷ್ಟಿಯ ದೋಷ. ಫುಟ್‌ಪಾತಿನ ಆ ವ್ಯಾಪಾರಿಯೂ ಎಷ್ಟೋ ವೇಳೆ ಎಲ್ಲಿಂದಲೋ ಒಂಟಿಯಾಗಿ ಬಂದವನೇ. ಬೆಳಗಿನ ಬೋಣಿಗಾಗಿ ಕಾದಿರುವವನು. ನಾಲ್ಕು ದಿನಕ್ಕೆ ಬಂದ ಒಂಟಿಗೂ ನಲವತ್ತು ವರ್ಷದಿಂದ ಇರುವ ಒಂಟಿಗೂ ನಡುವೆ ಒಂದು ಚೀಲದ ನೆಪದಲ್ಲಿ ಐದು ನಿಮಿಷ ಮಾತು ನಡೆಯುತ್ತದೆ. ಅದರಲ್ಲಿ ಬೆಲೆಯೊಂದನ್ನೇ ಕೇಳಿಸಿಕೊಂಡವನು ನಗರಕ್ಕೆ ಬಂದೂ ಬಂದಂತಲ್ಲ. ಹೊರನಾಡ ಕನ್ನಡಿಗರಾದ ನಮಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಹಿರಿಯರಲ್ಲಿ ಬಹುಮಂದಿ ಈ ನಗರಕ್ಕೆ ಬಂದದ್ದು ಒಂದು ಟ್ರಂಕು ಹಿಡಿದು, ಒಬ್ಬರೇ. ಅವರೂ ಒಂದು ಕಾಲಕ್ಕೆ ಗಲ್ಲಾದ ಆಚೆ ಬದಿಯಲ್ಲಿ ನಿಂತವರು.

ಮಾಟುಂಗದ ಪ್ರಸಂಗವನ್ನೇ ಪರೀಕ್ಷಿಸಿ. ಊರಿನಿಂದ ಬಂದವರ ಲೇಖನದಲ್ಲಿ ಉಡುಪಿ ಹೋಟೆಲಿನ ಊಟ ತಪ್ಪುವುದಿಲ್ಲ. ‘ಕನ್ನಡ ಕೇಳಿ ಕಿವಿ ತಂಪಾಯಿತು, ಸಾರು ಉಂಡು ಹೊಟ್ಟೆ ತಂಪಾಯಿತು’ ಎಂಬ ಧಾಟಿಯಲ್ಲಿ ಅದು ಮುಗಿಯುತ್ತದೆ. ಮಾಟುಂಗ ನಿಲ್ದಾಣದೆದುರಿನ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾದದ್ದು 1942ರಲ್ಲಿ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿ ಮೇಲೆ ಬಂದ ಒಂದು ತಲೆಮಾರೇ ಈ ನಗರದಲ್ಲಿ ಆಗಿಹೋಯಿತು. ಬಡಿಸುವವನು ಕನ್ನಡ ಆಡಿದನೆಂದು ಸಂತೋಷಪಡುವವರು ಅವನ ಊರು ಯಾವುದೆಂದು ಕೇಳಿದ್ದರೆ ಲೇಖನಕ್ಕೆ ಜೀವ ಬರುತ್ತಿತ್ತು. ಸಂತೋಷ ತಮ್ಮದು, ಕಥೆ ಅವನದು. ನಮ್ಮ ಲೇಖಕರು ಸಂತೋಷವನ್ನಷ್ಟೇ ಬರೆಯುತ್ತಾರೆ.

ದೊಡ್ಡ ಲೇಖಕರಿಂದ ಕಲಿಯಬೇಕಾದದ್ದು ಇದನ್ನೇ. ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂಬ ಹೆಸರಿನಲ್ಲಿ ಆ ‘ನಾನೂ’ ಎಂಬುದರ ದೀರ್ಘವನ್ನು ಗಮನಿಸಿ. ಎಲ್ಲರೂ ಹೋಗುತ್ತಾರೆ, ನಾನೂ ಒಬ್ಬ ಎಂಬ ವಿನಯವೂ ತುಂಟತನವೂ ಅದರಲ್ಲಿದೆ. ‘ಅಮೆರಿಕದಲ್ಲಿ ಗೊರೂರು’ ಎಂಬುದರಲ್ಲಿ ಗೊರೂರು ಎಂದರೆ ಲೇಖಕರೂ ಹೌದು, ಹೇಮಾವತಿಯ ದಂಡೆಯ ಹಳ್ಳಿಯೂ ಹೌದು. ಇಂಥವರು ಸ್ಥಳದ ಮಹಿಮೆಯ ಮುಂದೆ ತಮ್ಮನ್ನು ಮರೆಯಲಿಲ್ಲ; ತಮ್ಮ ಊರಿನ ತಕ್ಕಡಿಯನ್ನು ಜೊತೆಗೇ ಒಯ್ದರು. ನಮ್ಮ ಮುಂಬಯಿಯನ್ನು ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ, ಜಯಂತ ಕಾಯ್ಕಿಣಿಯವರು ತಮ್ಮ ಕಥೆಗಳಲ್ಲಿ ಒಳಗಿನಿಂದ ಕಂಡು ಬರೆದಿದ್ದಾರೆ. ಆದರೆ ಹೊಸಬನ ಮೊದಲ ನಾಲ್ಕು ದಿನಗಳ ಬೆರಗು ಬೇರೆಯೇ. ಅದನ್ನು ಒಳಗಿನವರು ಬರೆಯಲಾರರು, ಅದು ಪ್ರವಾಸಿಗಷ್ಟೇ ಸಾಧ್ಯ.

ಅಂಗಡಿಯ ಪಟ್ಟಿ ಓದಿ ಯಾರಿಗೇನು ಲಾಭ ಎಂಬ ಆಕ್ಷೇಪ ಬರಬಹುದು. ಬರಿಯ ಪಟ್ಟಿಯಿಂದ ಲಾಭವಿಲ್ಲ, ನಿಜ. ಆದರೆ ಕಾಲದ ನಡೆಯನ್ನು ನೋಡಿ. ಗೇಟ್‌ವೇ ನಾಳೆಯೂ ಇರುತ್ತದೆ, ಅಂಗಡಿಗಳು ಇರುವುದಿಲ್ಲ. ಟಿ. ಎನ್. ಶಾನಭಾಗರು 1948ರಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿತು. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲೇ ಬಾಗಿಲೆಳೆದಿತ್ತು. ಪ್ರವಾಸಿಗರ ನೆಚ್ಚಿನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆ ಬಿಟ್ಟವು. ಫೋರ್ಟಿಗೆ ಹೋಗಿ ರಿಯಾಯಿತಿ ದರದಲ್ಲಿ ಪುಸ್ತಕ ಕೊಂಡು ತಂದವರು ನಮ್ಮಲ್ಲಿ ಎಷ್ಟೋ ಜನ. ಆ ಇಕ್ಕಟ್ಟಿನ ಅಂಗಡಿಯಲ್ಲಿ ಪುಸ್ತಕ ಆರಿಸಿದ ಒಂದು ಮಧ್ಯಾಹ್ನವನ್ನು ಕನ್ನಡದಲ್ಲಿ ಎಷ್ಟು ಮಂದಿ ಬರೆದಿದ್ದಾರೆ?

ಆದ್ದರಿಂದ ಪ್ರವಾಸ ಲೇಖನ ಕಳುಹಿಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕಟ್ಟಡದ ಎತ್ತರವನ್ನು ಬಿಡಿ, ಅದು ಬೇರೆಡೆ ಸಿಗುತ್ತದೆ. ಕೊಂಡ ಒಂದು ವಸ್ತುವನ್ನು ಹಿಡಿದು ಬರೆಯಿರಿ: ಅದರ ಬೆಲೆ, ತೂಕ ಅಥವಾ ಅಳತೆ, ಗಲ್ಲಿಯ ಹೆಸರು, ಕೊಟ್ಟವನ ಊರು, ಅವನು ನಿಮ್ಮನ್ನು ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ. ಸಂಪಾದಕರೂ ಅಷ್ಟೇ; ಹತ್ತು ಸೂರ್ಯಾಸ್ತಗಳನ್ನು ಹಿಂದಿರುಗಿಸಿ ಒಂದು ಸಂತೆಯನ್ನು ಅಚ್ಚುಹಾಕಲಿ. ಮುಂದಿನ ರಜೆಯಲ್ಲಿ ಊರಿನಿಂದ ಬರುವ ಅಣ್ಣನ ಮಗಳನ್ನೋ ತಂಗಿಯ ಮಗನನ್ನೋ ಕಾರಿನಲ್ಲಿ ಕೂರಿಸಿ ಊರು ತೋರಿಸುವ ಬದಲು, ಕೈಗೆ ಒಂದು ಚೀಲವನ್ನೂ ನಾಲ್ಕು ಸಾಮಾನಿನ ಚೀಟಿಯನ್ನೂ ಕೊಟ್ಟು ಭುಲೇಶ್ವರಕ್ಕೆ ಒಬ್ಬರನ್ನೇ ಕಳಿಸಿ ನೋಡಿ. ಸಂಜೆ ಮರಳಿದ ಮೇಲೆ ಏನು ನೋಡಿದೆ ಎಂದು ಕೇಳಬೇಡಿ. ಏನು ತಂದೆ, ಯಾರಿಂದ ತಂದೆ ಎಂದು ಕೇಳಿ. ಅವರು ಹೇಳುವುದನ್ನು ಹಾಗೆಯೇ ಬರೆದು ಕಳುಹಿಸಿದರೆ ನಮ್ಮ ಪತ್ರಿಕೆಗೆ ಒಂದು ಒಳ್ಳೆಯ ಲೇಖನ ದೊರೆತಂತಾಯಿತು.