ಬಲಗೈಗೆ ಕಿವಿಗೊಡಿ

ಗಿಟಾರ್ ಕಾರ್ಯಕ್ರಮಕ್ಕೆ ಬಂದವರೆಲ್ಲ ಎಡಗೈಯನ್ನೇ ನೋಡುತ್ತಾರೆ. ಬೆರಳುಗಳು ಫ್ರೆಟ್‌ಗಳ ಮೇಲೆ ಓಡಿದಷ್ಟೂ ಚಪ್ಪಾಳೆ. ಕಲಿಯಲು ಬರುವ ಹುಡುಗರೂ ಹಾಗೆಯೇ. ಮೊದಲ ವಾರವೇ "ಸಾರ್, ಪಿಕ್ ಹಿಡಿದರೆ ಬೇಗ ಬರುತ್ತಾ, ಬೆರಳಲ್ಲಿ ನುಡಿಸಿದರಾ?" ಎನ್ನುತ್ತಾರೆ. ಬೇಗ ಬಂದು ಮಾಡುವುದೇನು? ನಿಮಗೆ ಎಂಥ ನಾದ ಬೇಕು, ಅದನ್ನು ಮೊದಲು ಹೇಳಿ.

ಈ ಪಾಠ ನನಗೆ ಸಿಕ್ಕಿದ್ದು ಮೈಸೂರಿನ ದೊಡ್ಡಮ್ಮನಿಂದ. ಅವರು ವೀಣೆಯವರು. ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಅವರನ್ನು ಗಿಟಾರ್ ಕೇಳಲು ಕರೆದುಕೊಂಡು ಹೋಗಿದ್ದೆ. ನಾನು ಕಲಾವಿದರ ಎಡಗೈ ಓಟಕ್ಕೆ ಬಾಯಿಬಿಟ್ಟು ಕೂತಿದ್ದೆ, ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದರು. ನಡುವೆ ನನ್ನ ಕಡೆ ಬಾಗಿ, "ಒಂದು ಬೆರಳಿನ ಉಗುರು ಸರಿಯಿಲ್ಲ ಕಣೋ, ಪಾಪ" ಎಂದರು. ಮುಗಿದ ಮೇಲೆ ವೇದಿಕೆಯ ಹತ್ತಿರ ಹೋಗಿ ನೋಡಿದೆ. ಕಲಾವಿದರ ಬಲಗೈ ನಡುಬೆರಳಿನ ಉಗುರು ಅಂಚಿನಲ್ಲಿ ಸೀಳಿತ್ತು; ಅಂಟು ಹಚ್ಚಿಕೊಂಡು ನುಡಿಸಿದ್ದರು. ಅಷ್ಟು ವರ್ಷ ನಾನು ಗಿಟಾರ್ ನೋಡುತ್ತಿದ್ದೆ, ಕೇಳಿರಲೇ ಇಲ್ಲ.

ಉಗುರೋ, ಬೆರಳತುದಿಯ ಚರ್ಮವೋ ಎಂಬುದು ಗಿಟಾರ್ ಲೋಕದ ಹಳೆಯ ಜಗಳ. ಸ್ಪೇನಿನ ಫ್ರಾನ್ಸಿಸ್ಕೊ ತಾರ್ರೆಗಾ ಹುಟ್ಟಿದ್ದು 1852ರಲ್ಲಿ, ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ ವರ್ಷವೇ. ತಾರ್ರೆಗಾ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿ, ಬರೀ ಬೆರಳತುದಿಯಿಂದ ನುಡಿಸತೊಡಗಿದರು. ನಾದ ಮೆತ್ತಗೆ, ದುಂಡಗೆ, ಆದರೆ ದೂರ ಹೋಗದು. ಅವರ ನಂತರ ಬಂದ ಆಂದ್ರೆಸ್ ಸೆಗೋವಿಯಾ ಚರ್ಮ, ಉಗುರು ಎರಡನ್ನೂ ಬೆರೆಸಿದರು. ತಂತಿ ಮೊದಲು ಚರ್ಮಕ್ಕೆ ತಾಕಿ, ಜಾರಿ, ಉಗುರಿನಿಂದ ಬಿಡುಗಡೆಯಾಗಬೇಕು. ಮೈಕಿನ ಹಂಗಿಲ್ಲದೆ ದೊಡ್ಡ ಸಭಾಂಗಣಗಳನ್ನು ತುಂಬಿದ ನಾದ ಅದು. ಉಗುರಿನಿಂದ ಮೀಟುವ ಮೈಸೂರು ಬಾನಿಯ ವೀಣೆ ಕೇಳಿ ಬೆಳೆದವರಿಗೆ ಇದು ಹೊಸ ಮಾತೇನಲ್ಲ.

ನೀವೇ ಪರೀಕ್ಷಿಸಿ. ಒಂದನೇ ತಂತಿ, ಐದನೇ ಫ್ರೆಟ್, ಒಂದೇ ಸ್ವರ. ಕುದುರೆಯ (ಬ್ರಿಡ್ಜ್) ಪಕ್ಕ ಮೀಟಿ: ಕಂಚಿನ ತಟ್ಟೆಗೆ ಚಮಚ ತಾಕಿದಂತೆ ಚುಚ್ಚುತ್ತದೆ, ಏಕೆಂದರೆ ತುದಿಯಲ್ಲಿ ಎಳೆದಾಗ ತಾರಸ್ಥಾಯಿಯ ಸ್ವಯಂಭೂ ಸ್ವರಗಳು ಹೆಚ್ಚು ಏಳುತ್ತವೆ. ಈಗ ನಾದರಂಧ್ರವನ್ನು ದಾಟಿ ಫ್ರೆಟ್‌ಗಳ ಕಡೆ ಸರಿಯಿರಿ: ಅದೇ ಸ್ವರ ಹದವಾಗಿ ಬೆಂದಂತೆ ಬರುತ್ತದೆ. ಮೀಟಿದ ಬೆರಳನ್ನು ಮುಂದಿನ ತಂತಿಯ ಮೇಲೆ ಒರಗಿಸಿದರೆ ನಾದಕ್ಕೆ ತೂಕ, ಗಾಳಿಗೆ ಬಿಟ್ಟರೆ ಹಗುರ. ಒಂದು ತಿಂಗಳು ಇಷ್ಟೇ ಮಾಡಿ. ನಾಲ್ಕು ಕಾರ್ಡ್ ಕಲಿತು ರಿಸೆಪ್ಷನ್‌ಗಳಲ್ಲಿ ಸಿನಿಮಾ ಹಾಡಿಗೆ ಪರಪರ ಎಳೆಯುವವರಿಗೆ ಈ ಸುಖ ಗೊತ್ತೇ ಇಲ್ಲ. ಫೋನಿನಲ್ಲಿ ಅರ್ಧ ನಿಮಿಷದ ವೇಗ ಕಂಡು ಮರುಳಾಗುವವರಿಗಂತೂ ಗೊತ್ತಾಗುವ ದಾರಿಯೂ ಇಲ್ಲ.

ಪಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಮಿಲಿಮೀಟರಿನದು ಬಳುಕಿ ಟಪಟಪ ಸದ್ದು ಮಾಡುತ್ತದೆ. ಒಂದು ಮಿಲಿಮೀಟರಿನದು ಹಿಡಿದು, ತುದಿಯನ್ನಷ್ಟೇ ತಂತಿಗೆ ತಾಕಿಸಿ. ಜ್ಯಾಝ್ ಗಿಟಾರ್‌ನ ಜ್ಯಾಂಗೊ ರೈನ್‌ಹಾರ್ಟ್ ಅವರನ್ನು ಕೇಳಿದರೆ ಪಿಕ್ ಏನು ಮಾಡಬಲ್ಲದೆಂದು ತಿಳಿಯುತ್ತದೆ. ಎಲೆಕ್ಟ್ರಿಕ್ ಗಿಟಾರ್‌ಗೆ ಪಿಕ್ ಬೇಕೇಬೇಕು ಎನ್ನುವವರ ಮಾತು ಮಾತ್ರ ನಂಬಬೇಡಿ. ವೆಸ್ ಮಾಂಟ್‌ಗೊಮರಿ ಹೆಬ್ಬೆರಳೊಂದರಿಂದಲೇ ಜ್ಯಾಝ್ ನುಡಿಸಿದರು. ಮಾರ್ಕ್ ನಾಫ್ಲರ್ 1978ರ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿನಲ್ಲಿ ನುಡಿಸಿದ್ದು ಬರಿಬೆರಳಿನಿಂದ.

ಇದನ್ನೆಲ್ಲ ಶುರುಮಾಡುವ ಮೊದಲು, ಈ ವಾರ ಗಿಟಾರ್ ಮುಟ್ಟಬೇಡಿ. ಕೋಣೆಯ ದೀಪ ಆರಿಸಿ ಒಂದು ರಾತ್ರಿ ಸೆಗೋವಿಯಾ, ಒಂದು ರಾತ್ರಿ ವೆಸ್, ಇನ್ನೊಂದು ರಾತ್ರಿ ಜ್ಯಾಂಗೊ ಕೇಳಿ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಯಾರ ನಾದ ಕಿವಿಯಲ್ಲಿ ಉಳಿದಿರುತ್ತದೋ, ಅವರ ಮೀಟು ನಿಮ್ಮದು. ಅದು ಸೆಗೋವಿಯಾ ಅವರದಾದರೆ, ಅಂಗಡಿಗೆ ಹೋಗಿ ಮೊದಲು ಉಗುರು ಉಜ್ಜುವ ಒಂದು ಒಳ್ಳೆಯ ಅರ ಕೊಳ್ಳಿ.