ಯಾರ ಅಪ್ಪ?

ಬೋಡೊ ಭಾಷೆಯಲ್ಲಿ ‘ಅಪ್ಪ’ ಎನ್ನುವ ಮುನ್ನ ಯಾರ ಅಪ್ಪ ಎಂಬುದು ತೀರ್ಮಾನವಾಗಿರಬೇಕು. ನನ್ನಪ್ಪ ಆಫಾ, ನಿನ್ನಪ್ಪ ನಂಫಾ, ಅವನಪ್ಪ ಬಿಫಾ. ‘ಫಾ’ ಎಂಬ ಬೇರು ಒಂಟಿಯಾಗಿ ಓಡಾಡುವುದಿಲ್ಲ.

‘ನಂಫಾ’ದ ಮೊದಲ ಸ್ವರ ಮಾತ್ರ ಕನ್ನಡ ಲಿಪಿಯ ಕೈಗೆ ಸಿಗದು. ‘ಉ’ ಎನ್ನುವಾಗಿನಂತೆ ನಾಲಿಗೆ ಹಿಂದೆ ಸರಿಯುತ್ತದೆ, ಆದರೆ ತುಟಿ ದುಂಡಗಾಗುವುದಿಲ್ಲ. ತುಳುವಿನ ‘ಕಣ್ಣ್’ ಪದದ ತುದಿಯ ಸ್ವರ ಬಲ್ಲವರಿಗೆ ಇದು ತೀರಾ ಹೊಸದೇನಲ್ಲ.

ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತಲ ಈ ಟಿಬೆಟೊ-ಬರ್ಮನ್ ನುಡಿಯನ್ನು 2003ರ 92ನೇ ತಿದ್ದುಪಡಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿತು. ಅದಕ್ಕೂ ಬಹಳ ಮೊದಲೇ, 1968ರಲ್ಲಿ, ಇದರ ಪದಕೋಶ ಹೊರತಂದವರು ಡಿ.ಎನ್. ಶಂಕರ ಭಟ್ಟರು. ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡವೆಂದವರು ಅವರೇ! ಬೋಡೊದಲ್ಲಾದರೋ ಬ, ದ, ಗಗಳೆದುರು ನಿಲ್ಲುವುದು ಪ, ತ, ಕ ಅಲ್ಲ. ಫ, ಥ, ಖ.

ಎಣಿಕೆಯ ಸೊಗಸೇ ಬೇರೆ. ಕನ್ನಡದಲ್ಲಿ ಜನರಿಗೆ ‘ಇಬ್ಬರು’, ಉಳಿದದ್ದಕ್ಕೆಲ್ಲ ‘ಎರಡು’. ಬೋಡೊದಲ್ಲಿ ಜನರಿಗೆ ‘ಸಾ’, ಪ್ರಾಣಿಗಳಿಗೆ ‘ಮಾ’, ಹಣ್ಣುಗಳಿಗೆ ‘ಥಾಯ್’ ಎಂಬ ತುಣುಕು ಸಂಖ್ಯೆಯ ಮುಂದೆ ಕೂರುತ್ತದೆ. ಬರೀ ಸಂಖ್ಯೆ ಕೇಳಿಯೇ ಎಣಿಸುತ್ತಿರುವುದು ಮಾವೋ ಮನುಷ್ಯರೋ ಎಂದು ಊಹಿಸಬಹುದು.

ಕ್ರಿಯಾಪದ ಮಾತ್ರ ನಿರಾಳ. ತಿನ್ನುವೆನು, ತಿನ್ನುವೆ, ತಿನ್ನುವನು, ತಿನ್ನುವಳು: ಎಲ್ಲಕ್ಕೂ ಒಂದೇ ‘ಜಾಗನ್’.