ಕಾಫಿಸೀಮೆಯ ಪ್ರಕಟಣೆಗಳ ಕನ್ನಡ: ದೋಷಾದೋಷ ವಿಚಾರ

ಬರಹದಲ್ಲಿ ದೋಷವೆಂದರೇನು ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ವಿಚಾರಕ್ಕೆ ಮೀಸಲಾಗಿದೆ. ಕನ್ನಡ ಸಂಸ್ಕೃತ ಪದಗಳನ್ನು ವಿವೇಕವಿಲ್ಲದೆ ಸಮಾಸಗೊಳಿಸುವುದನ್ನು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸುವುದಕ್ಕೆ ಅದು ಹೋಲಿಸುತ್ತದೆ. ಆ ಮಾತಿನ ತಿರುಳು ನಮಗೆ ಇಂದಿಗೂ ಉಪಯುಕ್ತವಾದುದು: ಹಾಲು ಒಡೆಯಿತೇ ಇಲ್ಲವೇ ಎಂಬುದೇ ಅಲ್ಲಿ ಪರೀಕ್ಷೆ. ಬರಹದ ರೂಢಿಯೊಂದು ಓದುಗನನ್ನು ಕೆರಳಿಸಿದ ಮಾತ್ರಕ್ಕೆ ಅದು ದೋಷವಾಗುವುದಿಲ್ಲ. ಅರ್ಥವನ್ನು ಕೆಡಿಸಿದರೆ ಮಾತ್ರ ದೋಷವೆನಿಸುತ್ತದೆ.

ಪ್ರಕೃತ ಲೇಖನದಲ್ಲಿ ಈ ಪರೀಕ್ಷೆಯನ್ನು ಕಾವ್ಯದಿಂದ ದಿನಬಳಕೆಯ ಬರಹಕ್ಕೆ ತಂದಿದ್ದೇವೆ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಳಸಗಳನ್ನು ಹಾದು ಭದ್ರಾ ನದಿಯ ನೆರೆಯ ಹೊರನಾಡಿನವರೆಗೆ ಹಬ್ಬಿರುವ ಕಾಫಿಸೀಮೆಯನ್ನು ಇದಕ್ಕಾಗಿ ಆರಿಸಿಕೊಂಡಿದ್ದೇವೆ. ಕಾರಣವಿಷ್ಟೆ: ಇಲ್ಲಿ ಮನೆಮಾತು ಒಂದಲ್ಲ. ಕನ್ನಡದೊಡನೆ ತುಳು, ಕೊಂಕಣಿ, ಬ್ಯಾರಿ, ತಮಿಳುಗಳನ್ನಾಡುವವರು ಒಂದೇ ತೋಟದಲ್ಲಿ ದುಡಿಯುತ್ತಾರೆ. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ನಾಡಿನ ಎಲ್ಲ ಮೂಲೆಗಳಿಂದ ಯಾತ್ರಿಕರು ಬರುತ್ತಾರೆ. ಇವರೆಲ್ಲರಿಗೂ ಸಾಮಾನ್ಯವಾದುದು ಗೋಡೆ, ಹಲಗೆ, ಕರಪತ್ರಗಳ ಮೇಲಿನ ಕನ್ನಡ. ಮುಂದೆ ಕೊಡುವ ವಾಕ್ಯಗಳೆಲ್ಲ ಬಳಕೆಯ ಮಾದರಿಯನ್ನನುಸರಿಸಿ ನಾವು ಕಟ್ಟಿದವು. ಯಾವ ಕಚೇರಿಯ ಬರಹವನ್ನೂ ಎತ್ತಿ ಆಡಿದ್ದಲ್ಲ.

ವಿದ್ಯಾವಂತ ಓದುಗನನ್ನು ಮೊದಲು ಕೆರಳಿಸುವುದು ಕಾಗುಣಿತ. 'ಶುಭಾಶಯ'ವು 'ಶುಭಾಷಯ'ವಾಗುವುದು, 'ಉದ್ಘಾಟನೆ' 'ಉದ್ಗಾಟನೆ'ಯಾಗುವುದು, 'ಹೋಗು' 'ಓಗು' ಆಗುವುದು, ಅದನ್ನು ತಿದ್ದಹೊರಟು 'ಅರ್ಜಿ'ಯನ್ನು 'ಹರ್ಜಿ'ಯೆಂದು ಬರೆಯುವುದು: ಇವನ್ನು ಕಂಡು ನಗುವವರು ಬಹಳ. ಆದರೆ ಇವುಗಳ ಹಿಂದಿನ ಕಾರಣಗಳು ಅಜ್ಞಾನಕ್ಕಿಂತ ಆಳವಾದವು. ಹಳಗನ್ನಡದ 'ಪಾಲ್', 'ಪೂ', 'ಪಕ್ಕಿ'ಗಳೇ ಹಾಲು, ಹೂ, ಹಕ್ಕಿಗಳಾದವು. ಹಾಗೆ ಬಂದ ಹಕಾರವನ್ನು ಹಳೆಯ ಮೈಸೂರಿನ ಹಲವು ಭಾಗಗಳ ಆಡುಮಾತು ಮತ್ತೆ ಬಿಟ್ಟುಕೊಟ್ಟಿದೆ. ಪಕಾರ ಹಕಾರವಾದುದನ್ನು ಭಾಷೆಯ ಬೆಳವಣಿಗೆಯೆಂದು ಪಾಠ ಹೇಳಿ, ಹಕಾರದ ಲೋಪವನ್ನು ಮಾತ್ರ ಅನಾಗರಿಕವೆನ್ನುವುದು ಶಾಸ್ತ್ರಸಮ್ಮತವಲ್ಲ. ಮಹಾಪ್ರಾಣಗಳ ವಿಷಯವೂ ಹೀಗೆಯೇ. ಬಹುಜನರ ಉಚ್ಚಾರಣೆಯಲ್ಲಿಲ್ಲದ ಭೇದವು ಬರಹದಲ್ಲಿ ತಪ್ಪುವುದು ಸಹಜ. ಈ ಅಕ್ಷರಗಳನ್ನು ಬರಹದಿಂದಲೇ ಬಿಡಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಆ ವಾದವನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ರೂಢಿಯಲ್ಲಿ ನಿಂತ ಕಾಗುಣಿತವೊಂದಿದ್ದರೆ ಓದು ಸುಗಮವಾಗುತ್ತದೆ. ಆದರೆ ತಪ್ಪಿನ ತೂಕವೆಷ್ಟೆಂದು ನೋಡಬೇಕು. ಅಂಗಡಿಯ ಹಲಗೆಯ ಮೇಲೆ 'ಉತ್ತಮ ಹಕ್ಕಿ ದೊರೆಯುತ್ತದೆ' ಎಂದಿದ್ದರೆ ಗಿರಾಕಿ ನಕ್ಕಾನು. ಆದರೂ ಅಕ್ಕಿಯನ್ನೇ ಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಹಾಲು ಒಡೆದಿಲ್ಲ.

ಎರಡನೆಯದು ಅನಾವಶ್ಯಕ ಪದಗಳ ಗುಂಪು. 'ಈ ಒಂದು ಸಂದರ್ಭದಲ್ಲಿ ಒಂದು ಮನವಿ' ಎಂಬಲ್ಲಿ 'ಒಂದು' ಎಂಬುದು ಎಣಿಕೆಯನ್ನು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬರುವ ಚಿಕ್ಕ ಪದದ ನೆರಳು ಅದು. 'ಐದು ಎಕರೆಗಳು', 'ಹತ್ತು ಮೂಟೆಗಳು' ಎಂಬ ಬಹುವಚನವೂ ಅಂಥದೇ. ಸಂಖ್ಯೆ ಮುಂದಿರುವಾಗ 'ಹತ್ತು ಮೂಟೆ' ಎಂದರೆ ಕನ್ನಡಕ್ಕೆ ಸಾಕು. ತೋಟದ ರೈಟರು ಬಾಯಲ್ಲಿ ಹೇಳುವುದೂ ಹಾಗೆಯೇ. 'ಎಸ್ಟೇಟ್ ತೋಟ', 'ಹೈಕೋರ್ಟ್ ನ್ಯಾಯಾಲಯ'ಗಳಂಥ ದ್ವಿರುಕ್ತಿಗಳೂ ಈ ವರ್ಗಕ್ಕೆ ಸೇರುತ್ತವೆ. ಇಂಥ ಪ್ರಯೋಗಗಳ ಸಾಧುತ್ವವನ್ನು ಸಾಮಾನ್ಯ ಓದುಗರಿಗೆ ತಿಳಿಸಿಕೊಟ್ಟವರಲ್ಲಿ ಜಿ. ವೆಂಕಟಸುಬ್ಬಯ್ಯನವರು ಮುಖ್ಯರು; 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಆರಂಭವಾದ ಅವರ 'ಇಗೋ ಕನ್ನಡ' ಅಂಕಣ ಹಲವು ವರ್ಷ ನಡೆಯಿತು. ಈ ದೋಷಗಳು ಬರಹವನ್ನು ನೀರಾಗಿಸುತ್ತವೆ. ತಿದ್ದಬೇಕಾದುವೇ ಸರಿ, ಆದರೆ ನೀರು ಬೆರೆತ ಹಾಲೂ ಹಾಲೇ.

ಮೂರನೆಯ ವರ್ಗವೇ ನಮ್ಮ ಮುಖ್ಯ ವಿಷಯ. ಕರ್ತೃವನ್ನು ಮರೆಮಾಡುವ ವಾಕ್ಯಗಳಿವು. 'ಲ್ಪಡು', 'ಲಾಗಿದೆ', 'ತಕ್ಕದ್ದು' ಎಂಬ ರೂಪಗಳಲ್ಲಿ ಮುಗಿಯುತ್ತವೆ. ಇವನ್ನು ಕಂಡು ಯಾರೂ ನಗುವುದಿಲ್ಲ. ಕಾಗುಣಿತ ಶುದ್ಧವಾಗಿರುವುದರಿಂದ ಇವು ಗಂಭೀರವೆಂದೂ ಶಿಷ್ಟವೆಂದೂ ಹೆಸರು ಪಡೆಯುತ್ತವೆ. ಹಾಲು ಒಡೆಯುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಅಂಥ ಸಮಯಕ್ಕೆ ಎರಡು ಪ್ರಕಟಣೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು: 'ಸಂಚಾರವನ್ನು ನಿರ್ಬಂಧಿಸಲಾಗಿದ್ದು, ಪರ್ಯಾಯ ಮಾರ್ಗವನ್ನು ಬಳಸಲು ಕೋರಲಾಗಿದೆ.' ಎರಡನೆಯದು: 'ಗಾಟಿಯಲ್ಲಿ ಗುಡ್ಡ ಕುಸಿದಿದೆ. ಬಸ್ಸು ಓಗುವಂತಿಲ್ಲ. ಮಂಗಳೂರಿಗೆ ಓಗುವವರು ಕಳಸ, ಕುದುರೆಮುಕದ ದಾರಿ ಇಡಿಯಿರಿ.' ಮೊದಲನೆಯದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಏಕೆ, ಯಾವ ವಾಹನಕ್ಕೆ, ಯಾವ ದಾರಿ ಎಂಬುದೊಂದೂ ಅದರಿಂದ ತಿಳಿಯುವುದಿಲ್ಲ. ಎರಡನೆಯದರಲ್ಲಿ ಐದು ಕಡೆ ಅಕ್ಷರ ತಪ್ಪಿದೆ; ಆದರೂ ಕೊಟ್ಟಿಗೆಹಾರದಲ್ಲಿ ನಿಂತ ಪ್ರಯಾಣಿಕನಿಗೆ ದಾರಿ ಸಿಗುತ್ತದೆ. ನಮ್ಮ ಉತ್ತರಪತ್ರಿಕೆಗಳ ಪದ್ಧತಿಯಲ್ಲಿ ಮೊದಲನೆಯದಕ್ಕೆ ಪೂರ್ಣಾಂಕ, ಎರಡನೆಯದಕ್ಕೆ ಕೆಂಪುಗೆರೆ.

ತೋಟಗಾರಿಕೆಯ ಸಲಹೆಗಳಲ್ಲಿಯೂ ಇದೇ ವೈಪರೀತ್ಯ ಕಾಣುತ್ತದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗಕೇಂದ್ರ ಆರಂಭವಾದಂದಿನಿಂದ ಈ ಬೆಳೆಯ ಶಾಸ್ತ್ರ ಬೆಳೆದುಬಂದಿದೆ. ಅದರ ಪದಸಂಪತ್ತು ಕನ್ನಡದಲ್ಲಿ ಶ್ಲಾಘ್ಯವಾಗಿಯೇ ಇದೆ: ಬಿಳಿ ಕಾಂಡಕೊರಕ, ಕಾಯಿಕೊರಕ, ಎಲೆತುಕ್ಕು ಎಂಬ ಶಾಸ್ತ್ರಪದಗಳೂ ಮರಗಸಿ, ಕಪಾತು, ಹೂಮಳೆ ಎಂಬ ತೋಟದ ಮಾತುಗಳೂ ಹೊಂದಿಕೊಂಡಿವೆ. ಪದ ನಮ್ಮದಾದರೂ ವಾಕ್ಯ ನಮ್ಮದಾಗಿಲ್ಲ. 'ಬಾಧೆಗೊಳಗಾದ ಗಿಡಗಳು ಗುರುತಿಸಲ್ಪಟ್ಟು ನಾಶಪಡಿಸಲ್ಪಡತಕ್ಕದ್ದು' ಎಂಬ ವಾಕ್ಯವನ್ನು ನೋಡಿರಿ. ಗುರುತಿಸುವವರು ಇಲಾಖೆಯವರೋ ಬೆಳೆಗಾರನೋ? ನಾಶಪಡಿಸುವುದೆಂದರೆ ಕತ್ತರಿಸುವುದೋ ಸುಡುವುದೋ? ಎಂದಿನೊಳಗೆ? ಕಾಂಡಕೊರಕದ ದುಂಬಿ ಹಾರಾಡುವುದು ಏಪ್ರಿಲಿನಿಂದ ಜೂನ್, ಅಕ್ಟೋಬರಿನಿಂದ ಡಿಸೆಂಬರ್. ಅದಕ್ಕೆ ಮುಂಚೆಯೇ ಗಿಡವನ್ನು ಕೀಳದಿದ್ದರೆ ಹುಳು ಪಕ್ಕದ ಅರೇಬಿಕಾ ಗಿಡಗಳಿಗೆ ಹತ್ತುತ್ತದೆ. 'ಕೊರಕ ಹತ್ತಿದ ಗಿಡವನ್ನು ದುಂಬಿ ಹೊರಡುವ ಮೊದಲೇ ಬೇರುಸಹಿತ ಕಿತ್ತು ಸುಡಿರಿ' ಎಂದರೆ ಶಾಸ್ತ್ರಕ್ಕೆ ಕೊರತೆಯಿಲ್ಲ, ತೋಟಕ್ಕೂ ಉಳಿವಿದೆ. 1996ರಲ್ಲಿ ಕಾಫಿ ಮಂಡಲಿಯ ಸಂಗ್ರಹವ್ಯವಸ್ಥೆ ಕೊನೆಗೊಂಡು ಮಾರಾಟವು ಬೆಳೆಗಾರನ ಕೈಗೇ ಬಂದ ಮೇಲೆ ಅವನು ಸ್ವತಃ ಓದಿ ನಿರ್ಧರಿಸಬೇಕಾದ ಕಾಗದಗಳು ಹೆಚ್ಚಿವೆ.

ಇನ್ನೂ ಗುರುತರವಾದುದು ಭೂಮಿಯ ವಿಷಯ. ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾದವರು ಮಲೆನಾಡಿನಲ್ಲಿ ಅನೇಕರು. ಅಂಥವನೊಬ್ಬನಿಗೆ 'ಪರಿಶೀಲಿಸಲಾಗಿ, ಅರ್ಜಿಯನ್ನು ತಿರಸ್ಕರಿಸಲಾಗಿದೆಯೆಂದು ತಿಳಿಯಪಡಿಸಲಾಗಿದೆ' ಎಂಬ ಹಿಂಬರಹ ಬಂದಿತೆನ್ನೋಣ. ಮೂರು ಕ್ರಿಯೆಗಳು, ಕರ್ತೃವೊಬ್ಬನೂ ಇಲ್ಲ. ತಿರಸ್ಕರಿಸಿದವರು ಸಮಿತಿಯೋ ತಹಸೀಲ್ದಾರರೋ? ಅರಣ್ಯ ಇಲಾಖೆಯ ಆಕ್ಷೇಪಣೆ ಕಾರಣವೋ ದಾಖಲೆಯ ಕೊರತೆಯೋ? ಯಾರ ಬಾಗಿಲಿಗೆ ಹೋಗಬೇಕೆಂಬುದು ಈ ಉತ್ತರವನ್ನೇ ಅವಲಂಬಿಸಿದೆ. ವ್ಯಾಕರಣದಲ್ಲಿ ಕರ್ತೃಲೋಪವೆನಿಸುವುದು ಇಲ್ಲಿ ಹೊಣೆಯ ಲೋಪವೇ ಆಗುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. 'ಪಡು' ಸೇರಿದ ಕರ್ಮಣಿ ರೂಪ ಹಳಗನ್ನಡದಲ್ಲಿಯೂ ಇದೆಯಲ್ಲವೇ ಎಂಬುದು ಒಂದು. ಇದೆ, ನಿಜ, ಆದರೆ ಅಪೂರ್ವವಾಗಿ ಬರುವ ಪ್ರಯೋಗವನ್ನು ನಿತ್ಯದ ನಡೆಯಾಗಿಸಿದುದು ಇಂಗ್ಲಿಷ್ ಕಡತಗಳ ಭಾಷಾಂತರ. ಆಡಳಿತಕ್ಕೆ ವ್ಯಕ್ತಿನಿರಪೇಕ್ಷವಾದ ಭಾಷೆ ಬೇಕಲ್ಲವೇ ಎಂಬುದು ಎರಡನೆಯದು. ಬೇಕು, ಅದನ್ನು ಕನ್ನಡವೇ ತನ್ನ ರೀತಿಯಲ್ಲಿ ಒದಗಿಸಿದೆ. 'ಇಲ್ಲಿ ಚಪ್ಪಲಿ ಬಿಡಬಾರದು', 'ಸಾಲಿನಲ್ಲಿ ಬರಬೇಕು', 'ರಸ್ತೆ ಮುಚ್ಚಿದೆ' ಎಂಬ ವಾಕ್ಯಗಳಲ್ಲಿ ಯಾವ ಅಧಿಕಾರಿಯ ಹೆಸರೂ ಇಲ್ಲ, ಯಾವ ಮಸುಕೂ ಇಲ್ಲ. ಬಂದವರಿಗೆಲ್ಲ ಊಟವಿಕ್ಕುವ ಹೊರನಾಡಿನಂಥ ಕ್ಷೇತ್ರದಲ್ಲಿ 'ಊಟಕ್ಕೆ ಬನ್ನಿರಿ' ಎಂಬುದಕ್ಕೆ ಬದಲಾಗಿ 'ಪ್ರಸಾದ ಭೋಜನವನ್ನು ಸ್ವೀಕರಿಸಲು ಕೋರಲಾಗಿದೆ' ಎಂದು ಬರೆದರೆ ಹೆಚ್ಚುವುದು ಗೌರವವಲ್ಲ, ದೂರ.

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಕ್ಷಣಕ್ಕೆ ಪೂರ್ವಕವಿಗಳ ಪ್ರಯೋಗವನ್ನೇ ಆಧಾರವಾಗಿಟ್ಟನು. ಆ ಕ್ರಮದಲ್ಲಿ ಈ ಸೀಮೆಯ ಗದ್ಯಕ್ಕೆ ಪ್ರಮಾಣವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು 'ಕರ್ವಾಲೊ'ದಲ್ಲಿ (1980) ಜೀವವಿಜ್ಞಾನಿಯ ಶೋಧವನ್ನೂ ಹಳ್ಳಿಗನ ಬದುಕನ್ನೂ ಒಂದೇ ಕನ್ನಡದಲ್ಲಿ ನಿರೂಪಿಸಿದ್ದಾರೆ. ಆ ಗದ್ಯದಲ್ಲಿ ಕೆಲಸ ಮಾಡುವವನು ಕಣ್ಣೆದುರಿಗಿರುತ್ತಾನೆ. ಶಾಸ್ತ್ರವಿಷಯಕ್ಕೆ ಮಸುಕಾದ ವಾಕ್ಯ ಅನಿವಾರ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದಕಾರಣ ನಮ್ಮ ನಿರ್ಣಯವಿದು. ಕಾಗುಣಿತವನ್ನು ತಿದ್ದೋಣ, ನಗದೆ ತಿದ್ದೋಣ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಅದನ್ನು ಕಲಿತು ಬಂದ ತೋಟದ ಮೇಸ್ತ್ರಿ ಕನ್ನಡದಲ್ಲಿ ಬರೆದಾಗ ನಮಗೆ ಮೊದಲು ಕಾಣಬೇಕಾದುದು ಅವನ ಪ್ರಯತ್ನ. ಅನಾವಶ್ಯಕ ಪದಗಳನ್ನು ಕಳೆಯೋಣ. ಆದರೆ ಕೆಂಪುಶಾಯಿಯ ಬಹುಭಾಗವನ್ನು ಕರ್ತೃವಿಲ್ಲದ ವಾಕ್ಯಗಳಿಗೆ ಮೀಸಲಿಡೋಣ. ಕನ್ನಡ ವಿಭಾಗಗಳಲ್ಲಿ ಕಲಿತವರೇ ನಾಳೆ ಕಚೇರಿಗಳಲ್ಲಿ ಕರಡು ಬರೆಯುವವರು. 'ತಿರಸ್ಕರಿಸಲಾಗಿದೆ' ಎಂದು ಬರೆಯುವ ಮುನ್ನ 'ಯಾರು?' ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಅವರಲ್ಲಿ ಬೆಳೆಸುವುದು ನಮ್ಮ ವ್ಯಾಕರಣಪಾಠದ ಕರ್ತವ್ಯವಾಗಿದೆ.